ಹಸಿವಿನ ಅರಿವೇ ಆರಾಧನೆ: ಹಜರತ್ ನಿಜಾಮುದ್ದೀನ್ ಔಲಿಯಾ

ದೆಹಲಿಯನ್ನಾಳಿದ ಸುಲ್ತಾನರ ಕೋಟೆಗಳು ಇಂದು ಪಾಳುಬಿದ್ದಿವೆ. ಅವರ ಗೋರಿಗಳನ್ನು ನೋಡಲು ಪ್ರವಾಸಿಗಳು ಬರುತ್ತಾರೆ, ಚಿತ್ರ ತೆಗೆದುಕೊಂಡು ಮರಳುತ್ತಾರೆ. ಆದರೆ ಅದೇ ದೆಹಲಿಯಲ್ಲಿ, ಆ ಸುಲ್ತಾನರ ಕಾಲದಲ್ಲಿಯೇ ಬದುಕಿದ್ದ ಫಕೀರರೊಬ್ಬರ ಸಮಾಧಿಯ ಬಳಿ ಏಳು ಶತಮಾನಗಳ ನಂತರವೂ ಪ್ರತಿನಿತ್ಯ ಹಸಿದವರಿಗೆ ಅನ್ನ ಬಡಿಸಲಾಗುತ್ತಿದೆ. ಆ ಫಕೀರರೇ ಹಜರತ್ ನಿಜಾಮುದ್ದೀನ್ ಔಲಿಯಾ. ರಂಜಾನ್ ಮಾಸದ ಕಡ್ಡಾಯ ಉಪವಾಸವಷ್ಟೇ ಅಲ್ಲದೆ ವರ್ಷದ ಬಹುತೇಕ ಎಲ್ಲ ದಿನಗಳಲ್ಲೂ ಸ್ವಇಚ್ಛೆಯಿಂದ ರೋಜಾ ಆಚರಿಸಿದವರು ಅವರು. ಹಾಗಿದ್ದೂ, ಉಪವಾಸಕ್ಕಿಂತ ಮತ್ತೊಬ್ಬರ ಹಸಿವು ನೀಗಿಸುವುದೇ ದೊಡ್ಡ ಆರಾಧನೆ ಎಂದು ಶಿಷ್ಯರಿಗೆ ಬೋಧಿಸಿದವರೂ ಅವರೇ. ಮೇಲ್ನೋಟಕ್ಕೆ ಪರಸ್ಪರ ವಿರುದ್ಧವೆನಿಸುವ ಈ ಎರಡು ಸಂಗತಿಗಳು ಒಂದೇ ಬದುಕಿನಲ್ಲಿ ಹೇಗೆ ಕೂಡಿಬಂದವು ಎಂಬುದೇ ಅವರ ಜೀವನದ ಸಾರ.

ಬದಾಯೂನಿನ ಬಡತನ

ನಿಜಾಮುದ್ದೀನರ ಪೂರ್ವಜರು ಮಧ್ಯ ಏಷ್ಯಾದ ಬುಖಾರಾ ನಗರದವರು. ಅವರ ತಾತಂದಿರು ಅಲ್ಲಿಂದ ಲಾಹೋರಿಗೆ ಬಂದು, ಬಳಿಕ ಇಂದಿನ ಉತ್ತರ ಪ್ರದೇಶದಲ್ಲಿರುವ ಬದಾಯೂನಿನಲ್ಲಿ ನೆಲೆಸಿದರು. ಸುಮಾರು 1238ರಲ್ಲಿ ನಿಜಾಮುದ್ದೀನರು ಜನಿಸಿದ್ದು ಅಲ್ಲಿಯೇ. ಅವರಿಗೆ ಇಟ್ಟ ಹೆಸರು ಮುಹಮ್ಮದ್. ತಂದೆ ಸೈಯದ್ ಅಹ್ಮದ್ ಮಗ ಇನ್ನೂ ಎಳೆಯ ಬಾಲಕನಾಗಿರುವಾಗಲೇ ತೀರಿಕೊಂಡರು. ಮಗನನ್ನೂ ಮಗಳನ್ನೂ ಸಾಕುವ ಹೊಣೆ ತಾಯಿ ಬೀಬಿ ಜುಲೈಖಾ ಅವರ ಮೇಲೆ ಬಿತ್ತು.

ಮನೆಯಲ್ಲಿ ಕಡುಬಡತನ. ಅನೇಕ ದಿನ ಒಲೆ ಹೊತ್ತುತ್ತಿರಲಿಲ್ಲ. ಅಂಥ ದಿನಗಳಲ್ಲಿ ತಾಯಿ ಮಗನಿಗೆ ಹೇಳುತ್ತಿದ್ದುದು ಒಂದೇ ಮಾತು: ಇಂದು ನಾವು ದೇವರ ಅತಿಥಿಗಳು ಎಂಬುದು. ಮನೆಯಲ್ಲಿ ಧಾನ್ಯವಿಲ್ಲ ಎಂಬ ಕಹಿ ಸತ್ಯವನ್ನು ಆಕೆ ಮಗನಿಗೆ ತಿಳಿಸುತ್ತಿದ್ದ ಬಗೆ ಅದು. ಬಾಲಕನಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಒಮ್ಮೆ ಯಾರೋ ಕೊಟ್ಟ ಧಾನ್ಯ ಹಲವು ದಿನಗಳವರೆಗೆ ಸಾಲುತ್ತಾ ಬಂದಾಗ, ತಾಯಿ ಮತ್ತೆ ಯಾವಾಗ ಆ ಮಾತು ಹೇಳುವರೋ ಎಂದು ಆತ ಕಾಯತೊಡಗಿದ. ಕೊನೆಗೊಂದು ದಿನ ಧಾನ್ಯ ಮುಗಿದು ತಾಯಿಯ ಬಾಯಿಂದ ಆ ಮಾತು ಬಂದಾಗ ತಮಗೆ ವರ್ಣಿಸಲಾಗದ ಆನಂದವಾಯಿತೆಂದು ಮುಂದೆ ನಿಜಾಮುದ್ದೀನರು ನೆನಪಿಸಿಕೊಂಡದ್ದುಂಟು. ಹಸಿವನ್ನು ಶಾಪವೆಂದು ಕಾಣದೆ, ದೇವರ ಸಾನ್ನಿಧ್ಯವೆಂದು ಕಾಣುವ ಮೊದಲ ಪಾಠ ಅವರಿಗೆ ದೊರೆತದ್ದು ಹೀಗೆ, ಶಾಸ್ತ್ರಗ್ರಂಥದಿಂದಲ್ಲ, ತಾಯಿಯ ಅಡುಗೆಮನೆಯಿಂದ.

ಬದಾಯೂನಿನ ಮೌಲಾನಾ ಅಲಾವುದ್ದೀನ್ ಉಸೂಲಿ ಅವರಲ್ಲಿ ನಿಜಾಮುದ್ದೀನರ ಆರಂಭದ ವಿದ್ಯಾಭ್ಯಾಸ ನಡೆಯಿತು. ಒಂದು ಹಂತದ ಓದು ಮುಗಿದಾಗ ವಿದ್ಯಾರ್ಥಿಯ ತಲೆಗೆ ಪೇಟ ಸುತ್ತುವ ಪದ್ಧತಿಯಿತ್ತು. ಪೇಟ ಕೊಳ್ಳಲು ಹಣವಿರದ ತಾಯಿ ತಾವೇ ನೂಲು ತೆಗೆದು, ಬಟ್ಟೆ ನೇಯಿಸಿ ಮಗನಿಗೆ ಒದಗಿಸಿದರು. ಹೆಚ್ಚಿನ ವ್ಯಾಸಂಗಕ್ಕಾಗಿ ತಾಯಿ ಮತ್ತು ಸೋದರಿಯೊಡನೆ ದೆಹಲಿಗೆ ಬಂದ ನಿಜಾಮುದ್ದೀನರು ಅಲ್ಲಿ ಹದೀಸ್ ಹಾಗೂ ಧರ್ಮಶಾಸ್ತ್ರಗಳಲ್ಲಿ ಪಾಂಡಿತ್ಯ ಗಳಿಸಿದರು. ವಾದದಲ್ಲಿ ಎದುರಾಳಿಯನ್ನು ಮಾತು ನಿಲ್ಲಿಸುವಂತೆ ಮಾಡುತ್ತಿದ್ದ ಈ ತರುಣನಿಗೆ ಸಹಪಾಠಿಗಳು ಸಭೆಯನ್ನೇ ಮುರಿಯುವವನು ಎಂಬ ಅಡ್ಡಹೆಸರು ಕೊಟ್ಟಿದ್ದರು. ಖಾಜಿಯ ಹುದ್ದೆ ಸಿಕ್ಕಿದರೆ ಬಡತನ ತೀರೀತೆಂಬ ಆಸೆಯೂ ಒಂದು ಕಾಲಕ್ಕೆ ಅವರಲ್ಲಿತ್ತು.

ತಾಯಿಯೊಂದಿಗಿನ ಅವರ ಬಾಂಧವ್ಯ ಆಳವಾದದ್ದು. ಪ್ರತಿ ತಿಂಗಳು ಬಿದಿಗೆಯ ಚಂದ್ರ ಕಂಡೊಡನೆ ಅವರು ತಾಯಿಯ ಪಾದಕ್ಕೆ ತಲೆಯಿಟ್ಟು ಶುಭ ಕೋರುತ್ತಿದ್ದರು. ಒಂದು ತಿಂಗಳು ಹಾಗೆ ನಮಿಸಿದಾಗ, ಮುಂದಿನ ತಿಂಗಳು ಯಾರ ಪಾದಕ್ಕೆ ತಲೆಯಿಡುವೆ ಎಂದು ತಾಯಿ ಕೇಳಿದರಂತೆ. ಅವರ ಅಂತ್ಯ ಸಮೀಪಿಸಿದೆಯೆಂದು ಮಗನಿಗೆ ತಿಳಿದದ್ದು ಆಗಲೇ. ತಮ್ಮನ್ನು ಯಾರಿಗೆ ಒಪ್ಪಿಸಿ ಹೋಗುವಿರೆಂದು ಮಗ ಅತ್ತಾಗ, ತಾಯಿ ಮರುದಿನ ಬೆಳಗಿನ ಜಾವ ಅವರ ಬಲಗೈ ಹಿಡಿದು ದೇವರಿಗೆ ಒಪ್ಪಿಸಿ ಕಣ್ಮುಚ್ಚಿದರು. ದಕ್ಷಿಣ ದೆಹಲಿಯ ಅಧಚಿನಿಯಲ್ಲಿ ಅವರ ಸಮಾಧಿ ಇಂದಿಗೂ ಇದೆ.

ಅಜೋಧನದ ದೀಕ್ಷೆ

ದೆಹಲಿಯಲ್ಲಿ ನಿಜಾಮುದ್ದೀನರ ನೆರೆಮನೆಯವರಾಗಿದ್ದ ಶೇಖ್ ನಜೀಬುದ್ದೀನ್ ಮುತವಕ್ಕಿಲ್, ಪಂಜಾಬಿನ ಮಹಾಸಂತ ಬಾಬಾ ಫರೀದರ ತಮ್ಮ. ಅವರ ಸಹವಾಸದಿಂದ ಫರೀದರತ್ತ ಸೆಳೆಯಲ್ಪಟ್ಟ ನಿಜಾಮುದ್ದೀನರು 1257ರಲ್ಲಿ, ತಮ್ಮ ಸುಮಾರು 20ನೇ ವಯಸ್ಸಿನಲ್ಲಿ, ಅಜೋಧನಕ್ಕೆ ಹೋಗಿ ಅವರ ಶಿಷ್ಯರಾದರು. ಇಂದು ಪಾಕಿಸ್ತಾನದಲ್ಲಿರುವ ಪಾಕ್‌ಪಟ್ಟನ್ ಪಟ್ಟಣವೇ ಅಂದಿನ ಅಜೋಧನ.

ಫರೀದರು ಕಠಿಣ ಉಪವಾಸಕ್ಕೆ ಹೆಸರಾದವರು. ಅವರ ಆಶ್ರಮದಲ್ಲಿ ಕಾಡಿನ ಗಿಡಗಳ ಕಾಯಿಯನ್ನು ಬೇಯಿಸಿ ತಿನ್ನುವುದೇ ಹಬ್ಬದೂಟ. ಶಿಷ್ಯರಲ್ಲೊಬ್ಬರು ಸೌದೆ ತರುವರು, ಇನ್ನೊಬ್ಬರು ಕಾಯಿ ಆರಿಸುವರು, ಮತ್ತೊಬ್ಬರು ನೀರು ಹೊರುವರು. ಬೇಯಿಸುವ ಕೆಲಸ ನಿಜಾಮುದ್ದೀನರದು. ಒಂದು ದಿನ ಉಪ್ಪಿರಲಿಲ್ಲ. ಅವರು ಅಂಗಡಿಯಿಂದ ಸಾಲವಾಗಿ ಉಪ್ಪು ತಂದು ಅಡುಗೆಗೆ ಹಾಕಿದರು. ಊಟಕ್ಕೆ ಕೈಯಿಟ್ಟ ಫರೀದರು ತುತ್ತು ಎತ್ತಲಾರದೆ, ಈ ಅನ್ನದಲ್ಲಿ ಏನೋ ದೋಷವಿದೆ ಎಂದರು. ನಿಜಾಮುದ್ದೀನರು ನಡುಗುತ್ತಾ ಸಂಗತಿ ತಿಳಿಸಿದರು. ನಾಲಗೆಯ ರುಚಿಗಾಗಿ ಸಾಲ ಮಾಡುವುದಕ್ಕಿಂತ ಫಕೀರನು ಹಸಿವಿನಿಂದ ಸಾಯುವುದೇ ಲೇಸೆಂಬುದು ಗುರುವಿನ ತೀರ್ಪು. ಆ ಅಡುಗೆಯನ್ನು ಬಡವರಿಗೆ ಹಂಚಲಾಯಿತು.

ಅಜೋಧನದಲ್ಲಿ ಗುರು ಕಲಿಸಿದ ಇನ್ನೊಂದು ಪಾಠವೂ ಋಣಕ್ಕೆ ಸಂಬಂಧಿಸಿದ್ದು. ಯಾರಿಗೆ ಏನು ಕೊಡಬೇಕಿದೆಯೋ ಅವರನ್ನು ತೃಪ್ತಿಪಡಿಸದೆ ಆರಾಧನೆ ಪೂರ್ಣವಾಗದು ಎಂಬುದು ಅದು. ನಿಜಾಮುದ್ದೀನರಿಗೆ ದೆಹಲಿಯ ಬಟ್ಟೆ ವ್ಯಾಪಾರಿಯೊಬ್ಬನಿಗೆ 20 ಜೀತಲ್ ಬಾಕಿ ಕೊಡಬೇಕಿತ್ತು. ಜೀತಲ್ ಎಂಬುದು ಆ ಕಾಲದ ಚಿಲ್ಲರೆ ನಾಣ್ಯ. ಇನ್ನೊಬ್ಬರಿಂದ ಎರವಲು ತಂದ ಪುಸ್ತಕವೊಂದು ಕಳೆದುಹೋಗಿತ್ತು. ದೆಹಲಿಗೆ ಮರಳಿದ ಅವರು ಹೇಗೋ 10 ಜೀತಲ್ ಹೊಂದಿಸಿಕೊಂಡು ವ್ಯಾಪಾರಿಯ ಬಳಿಗೆ ಹೋದರು. ಅವರು ಎಲ್ಲಿಂದ ಬಂದಿರುವರೆಂದು ತಿಳಿದ ವ್ಯಾಪಾರಿ ಉಳಿದದ್ದನ್ನು ಮನ್ನಾ ಮಾಡಿದ. ಪುಸ್ತಕದ ಒಡೆಯನೂ ಕ್ಷಮಿಸಿದ.

ಉಪವಾಸದ ಕುರಿತು ಫರೀದರ ಉಪದೇಶ ಸ್ಪಷ್ಟವಾಗಿತ್ತು. ಸಾಧನೆಯ ದಾರಿಯಲ್ಲಿ ಅರ್ಧ ಭಾಗ ಉಪವಾಸವಾದರೆ, ನಮಾಜ್, ಹಜ್ ಮೊದಲಾದ ಉಳಿದೆಲ್ಲ ಸೇರಿ ಇನ್ನರ್ಧ ಎಂದು ಅವರು ಶಿಷ್ಯನಿಗೆ ತಿಳಿಸಿದ್ದರು. ನಿಜಾಮುದ್ದೀನರನ್ನು ತಮ್ಮ ಉತ್ತರಾಧಿಕಾರಿಯಾಗಿ ನೇಮಿಸಿದ ಫರೀದರು 1265ರಲ್ಲಿ ನಿಧನರಾದರು.

ವರ್ಷದ ಪುಣ್ಯದಿನಗಳು

ನಿಜಾಮುದ್ದೀನರ ಉಪವಾಸದ ಸ್ವರೂಪ ಅರಿಯಲು ಇಸ್ಲಾಮಿನ ವ್ರತಕ್ರಮವನ್ನು ತಿಳಿಯುವುದು ಅವಶ್ಯ. ಆರೋಗ್ಯವಂತರಾದ ವಯಸ್ಕ ಮುಸಲ್ಮಾನರಿಗೆಲ್ಲ ರಂಜಾನ್ ಮಾಸದ ಉಪವಾಸ ಕಡ್ಡಾಯ. ಅದರ ಹೊರತಾಗಿ ಪ್ರವಾದಿ ಮುಹಮ್ಮದರ ಆಚರಣೆ ಹಾಗೂ ಉಪದೇಶಗಳನ್ನು ಅನುಸರಿಸಿ ಕೈಗೊಳ್ಳುವ ಐಚ್ಛಿಕ ಉಪವಾಸಗಳಿವೆ. ಇವನ್ನು ನಫಿಲ್ ರೋಜಾ ಎನ್ನುತ್ತಾರೆ. ಮಾಡಿದರೆ ಪುಣ್ಯ, ಮಾಡದಿದ್ದರೆ ಪಾಪವಿಲ್ಲ.

ವಾರದಲ್ಲಿ ಸೋಮವಾರ ಮತ್ತು ಗುರುವಾರ, ಚಾಂದ್ರಮಾನ ತಿಂಗಳ 13, 14 ಮತ್ತು 15ನೆಯ ದಿನಗಳು, ಮೊಹರಂ 10ರ ಆಶೂರಾ ಮತ್ತು ಅದರ ಹಿಂದಿನ ದಿನ, ಹಜ್ ಯಾತ್ರೆಯಲ್ಲಿ ಇಲ್ಲದವರಿಗೆ ಜಿಲ್‌ಹಜ್ 9ರ ಅರಫಾ ದಿನ, ರಂಜಾನ್ ನಂತರದ ಶವ್ವಾಲ್ ಮಾಸದಲ್ಲಿ 6 ದಿನ — ಇವು ಐಚ್ಛಿಕ ಉಪವಾಸಕ್ಕೆ ಪ್ರಶಸ್ತವೆನಿಸಿದ ದಿನಗಳು. ರಂಜಾನಿಗೆ ಮುಂಚಿನ ಶಾಬಾನ್ ಮಾಸದಲ್ಲಿ ಪ್ರವಾದಿಯವರು ಹೆಚ್ಚು ಉಪವಾಸ ಮಾಡುತ್ತಿದ್ದರೆಂದು ಹದೀಸ್‌ಗಳು ತಿಳಿಸುತ್ತವೆ. ಹುಣ್ಣಿಮೆಯ ಆಸುಪಾಸಿನ ಮೂರು ದಿನಗಳನ್ನು ಅಯ್ಯಾಮೆ ಬೀಜ್, ಅಂದರೆ ಬೆಳಕಿನ ದಿನಗಳು ಎಂದು ಕರೆಯುವುದು ಆ ರಾತ್ರಿಗಳ ಬೆಳದಿಂಗಳಿನಿಂದಾಗಿ.

ಉಪವಾಸ ನಿಷಿದ್ಧವಾದ ದಿನಗಳೂ ಉಂಟು. ಈದುಲ್ ಫಿತ್ರ್ ದಿನ, ಈದುಲ್ ಅಜ್‌ಹಾ ಅಥವಾ ಬಕ್ರೀದ್ ದಿನ ಹಾಗೂ ಬಕ್ರೀದಿನ ನಂತರದ ಮೂರು ದಿನ ಉಣ್ಣಬೇಕು, ಉಣಿಸಬೇಕು. ಎಷ್ಟೇ ದೊಡ್ಡ ತಪಸ್ವಿಯಾದರೂ ಆ ಐದು ದಿನ ಹಸಿದಿರುವಂತಿಲ್ಲ. ನಿತ್ಯೋಪವಾಸದ ಬಗ್ಗೆ ಧರ್ಮಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ. ಒಂದು ದಿನ ಬಿಟ್ಟು ಒಂದು ದಿನ ಆಚರಿಸುವ, ಪ್ರವಾದಿ ದಾವೂದರ ಹೆಸರಿನ ಉಪವಾಸವೇ ಅತ್ಯುತ್ತಮವೆಂದು ಹದೀಸ್ ಹೇಳುತ್ತದೆ. ದಿನವೂ ಹಸಿದಿರುವವನಿಗೆ ಹಸಿವು ರೂಢಿಯಾಗಿಬಿಡುತ್ತದೆ. ದಿನ ಬಿಟ್ಟು ದಿನ ಹಸಿಯುವವನ ಮನಸ್ಸಿಗೆ ಪ್ರತಿ ಸಲವೂ ಹೊಸ ಪರೀಕ್ಷೆ. ಹನ್ನೊಂದು, ಹನ್ನೆರಡನೇ ಶತಮಾನಗಳ ದಾರ್ಶನಿಕ ಇಮಾಂ ಗಜಾಲಿ ತಮ್ಮ ಮೇರುಕೃತಿಯಲ್ಲಿ ವಿವರಿಸಿದ ಈ ವಿಚಾರ ದೆಹಲಿಯ ಸೂಫಿಗಳಿಗೆ ಚಿರಪರಿಚಿತವಾಗಿತ್ತು.

ಉಪವಾಸದಂತೆ ನಮಾಜಿನಲ್ಲೂ ಐಚ್ಛಿಕವಾದದ್ದಿದೆ. ದಿನದ ಐದು ಕಡ್ಡಾಯ ನಮಾಜುಗಳಲ್ಲದೆ ಸೂರ್ಯೋದಯದ ನಂತರದ ಇಶ್ರಾಕ್, ಹೊತ್ತು ಏರಿದ ಮೇಲಿನ ಚಾಷ್ತ್, ಸಂಜೆಯ ಅವ್ವಾಬೀನ್, ನಡುರಾತ್ರಿಯ ತಹಜ್ಜುದ್ ಎಂಬ ನಮಾಜುಗಳಿವೆ. ನಿಜಾಮುದ್ದೀನರ ಹಗಲು ಮತ್ತು ಇರುಳು ಇವುಗಳ ಸುತ್ತಲೇ ಹೆಣೆದುಕೊಂಡಿದ್ದವು.

ಗಿಯಾಸ್‌ಪುರದ ಒಂದು ದಿನ

ದೆಹಲಿಯಲ್ಲಿ ಬಹುಕಾಲ ನಿಜಾಮುದ್ದೀನರಿಗೆ ಸ್ವಂತ ಸೂರಿರಲಿಲ್ಲ. ಮನೆಯಿಂದ ಮನೆಗೆ ಅಲೆದ ಬಳಿಕ, ಊರಿನ ಗದ್ದಲದಿಂದ ದೂರವಾಗಿ ಯಮುನೆಯ ದಡದಲ್ಲಿದ್ದ ಗಿಯಾಸ್‌ಪುರ ಎಂಬ ಹಳ್ಳಿಯಲ್ಲಿ ಅವರು ನೆಲೆ ಕಂಡುಕೊಂಡರು. ಮೊದಲಿನ ವರ್ಷಗಳು ಕಷ್ಟದವು. ಆ ಕಾಲದಲ್ಲಿ ಒಂದೆರಡು ಜೀತಲ್‌ಗೆ ರಾಶಿ ಕರಬೂಜ ಹಣ್ಣು ಸಿಗುತ್ತಿತ್ತು. ಆದರೂ ಒಂದು ವರ್ಷ ಹಣ್ಣಿನ ಕಾಲ ಮುಗಿಯುತ್ತ ಬಂದರೂ ಒಂದು ಹೋಳು ಕೂಡ ಅವರ ಬಾಯಿಗೆ ಬೀಳಲಿಲ್ಲ.

ಮುಂದೆ ಸುಲ್ತಾನ ಕೈಕುಬಾದ್ ಸಮೀಪದ ಕಿಲೋಖರಿಯಲ್ಲಿ ಅರಮನೆ ಕಟ್ಟಿಸಿದಾಗ ಗಿಯಾಸ್‌ಪುರದ ಸುತ್ತ ಜನಸಂದಣಿ ಬೆಳೆಯಿತು. ಭಕ್ತರು ಕಾಣಿಕೆಗಳನ್ನು ಹೊತ್ತು ಬಂದರು. ಕಾಣಿಕೆ ಎಷ್ಟು ಬಂದರೂ ಅಂದೇ ಹಂಚಿಹೋಗಬೇಕೆಂಬುದು ಅವರ ನಿಯಮ. ಪ್ರತಿ ಶುಕ್ರವಾರ ಮಧ್ಯಾಹ್ನದ ನಮಾಜಿಗೆ ಹೊರಡುವ ಮುನ್ನ ಉಗ್ರಾಣವನ್ನು ಖಾಲಿ ಮಾಡಿ ಗುಡಿಸಲಾಗುತ್ತಿತ್ತು. ಲಂಗರಿನ, ಅಂದರೆ ಅನ್ನದಾಸೋಹದ ಉಸ್ತುವಾರಿ ಖ್ವಾಜಾ ಇಕ್ಬಾಲ್ ಎಂಬ ಸೇವಕನದು. ಜಾತಿಮತಗಳನ್ನು ಕೇಳದೆ ಬಂದವರಿಗೆಲ್ಲ ಅಲ್ಲಿ ಊಟವಿತ್ತು.

ಹಾಗೆ ಸಾವಿರಾರು ಜನ ಉಣ್ಣುತ್ತಿದ್ದ ಆ ಮನೆಯ ಯಜಮಾನರು ಮಾತ್ರ ಹಗಲಿಡೀ ಉಪವಾಸಿ. ಅವರ ನಿಕಟವರ್ತಿಗಳ ಕುಟುಂಬಕ್ಕೆ ಸೇರಿದ ಅಮೀರ್ ಖುರ್ದ್ ಕಿರ್ಮಾನಿ ಬರೆದ ಸಿಯರುಲ್ ಔಲಿಯಾ ಗ್ರಂಥ ಅವರ ದಿನಚರಿಯನ್ನು ವಿವರವಾಗಿ ದಾಖಲಿಸಿದೆ. ಸೂರ್ಯಾಸ್ತವಾದ ಮೇಲೆ ಇಫ್ತಾರ್‌ಗೆ ಅರ್ಧ ಅಥವಾ ಒಂದು ರೊಟ್ಟಿ, ಜೊತೆಗೆ ಹಾಗಲಕಾಯಿಯಂಥ ಯಾವುದಾದರೊಂದು ತರಕಾರಿಯ ಪಲ್ಯ. ಅಷ್ಟೇ ಅವರ ಆಹಾರ. ಪಂಕ್ತಿಯಲ್ಲಿ ಕೂತವರು ಸಂಕೋಚಪಡಬಾರದೆಂದು ಅವರು ನಿಧಾನವಾಗಿ, ಎಲ್ಲರ ಊಟ ಮುಗಿಯುವವರೆಗೂ ಕೈಯಾಡಿಸುತ್ತಾ ಕೂತಿರುತ್ತಿದ್ದರು.

ರಾತ್ರಿಯ ಇಷಾ ನಮಾಜಿನ ಬಳಿಕ ಅವರು ಮಹಡಿಯ ಕೋಣೆಗೆ ಹೋಗುತ್ತಿದ್ದರು. ಕವಿ ಅಮೀರ್ ಖುಸ್ರೋ ಬಂದು ಊರಿನ ಸುದ್ದಿ, ಕಥೆ, ಕವಿತೆಗಳನ್ನು ಹೇಳುತ್ತಿದ್ದುದು ಆ ವೇಳೆಯಲ್ಲಿ. ಆಮೇಲೆ ಬಾಗಿಲು ಒಳಗಿನಿಂದ ಮುಚ್ಚುತ್ತಿತ್ತು. ಅಲ್ಲಿಂದ ಬೆಳಗಿನವರೆಗೆ ಪ್ರಾರ್ಥನೆ, ಧ್ಯಾನ. ಎಚ್ಚರದಿಂದ ಕಳೆದ ರಾತ್ರಿಗಳ ಗುರುತಾಗಿ ಮುಂಜಾನೆ ಅವರ ಕಣ್ಣುಗಳು ಕೆಂಪಾಗಿರುತ್ತಿದ್ದವು.

ಬೆಳಗಿನ ಜಾವ ಉಪವಾಸ ಆರಂಭವಾಗುವ ಮುನ್ನ ಖ್ವಾಜಾ ಅಬ್ದುರ್ರಹೀಮ್ ಎಂಬುವರು ಸಹರಿಯ ಊಟ ತರುತ್ತಿದ್ದರು. ಅನೇಕ ಸಲ ನಿಜಾಮುದ್ದೀನರು ಅದನ್ನು ಮುಟ್ಟುತ್ತಿರಲಿಲ್ಲ. ಇಫ್ತಾರಿನಲ್ಲೂ ಹೊಟ್ಟೆ ತುಂಬ ಉಣ್ಣದ ಅವರು ಸಹರಿಯನ್ನೂ ಬಿಟ್ಟರೆ ದೇಹ ಉಳಿಯುವುದು ಹೇಗೆಂದು ಆತ ಬೇಡಿಕೊಂಡರೆ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ಮಸೀದಿಗಳ ಮೂಲೆಗಳಲ್ಲಿ, ಅಂಗಡಿಗಳ ಜಗಲಿಗಳ ಮೇಲೆ ಎಷ್ಟೋ ಬಡವರು ಬರಿಹೊಟ್ಟೆಯಲ್ಲಿ ಮಲಗಿರುವಾಗ ತಮ್ಮ ಗಂಟಲಲ್ಲಿ ಅನ್ನ ಇಳಿಯುವುದಾದರೂ ಹೇಗೆಂಬುದು ಅವರ ಮರುಪ್ರಶ್ನೆಯಾಗಿತ್ತು.

ಅವರ ಉಪವಾಸದ ಮರ್ಮ ಇರುವುದು ಇಲ್ಲಿ. ಹಸಿವು ಅವರನ್ನು ಲೋಕದಿಂದ ದೂರ ಸರಿಸಲಿಲ್ಲ. ಯಮುನೆಯ ಪಕ್ಕದಲ್ಲೇ ಬಾವಿಯಿಂದ ನೀರು ಸೇದುತ್ತಿದ್ದ ಬಡ ಹೆಂಗಸೊಬ್ಬಳನ್ನು ಅವರು ಕಂಡ ಪ್ರಸಂಗ ಸೂಫಿ ಪರಂಪರೆಯಲ್ಲಿ ಪ್ರಸಿದ್ಧ. ಹೊಳೆ ಹತ್ತಿರವಿರುವಾಗ ಬಾವಿಯ ನೀರೇಕೆಂದು ಅವರು ವಿಚಾರಿಸಿದರು. ಯಮುನೆಯ ನೀರು ಹಸಿವು ಹೆಚ್ಚಿಸುತ್ತದೆ, ತಮ್ಮ ಮನೆಯಲ್ಲಿ ಹಸಿವು ತಣಿಸುವಷ್ಟು ಧಾನ್ಯವಿಲ್ಲ ಎಂಬುದು ಆಕೆಯ ಉತ್ತರ. ಅದನ್ನು ಕೇಳಿ ಅತ್ತ ನಿಜಾಮುದ್ದೀನರು ಆ ಮನೆಯ ಖರ್ಚಿಗೆ ಬೇಕಾದುದನ್ನು ತಪ್ಪದೆ ತಲುಪಿಸುವಂತೆ ಇಕ್ಬಾಲನಿಗೆ ಅಪ್ಪಣೆ ಮಾಡಿದರು. ಇನ್ನೊಮ್ಮೆ ಬೇಸಿಗೆಯಲ್ಲಿ ಗಿಯಾಸ್‌ಪುರದ ಗುಡಿಸಲುಗಳಿಗೆ ಬೆಂಕಿ ಬಿದ್ದಾಗ, ಅದು ಆರುವವರೆಗೆ ಅವರು ಬಿಸಿಲಲ್ಲಿ ಮಾಳಿಗೆಯ ಮೇಲೆ ನಿಂತಿದ್ದರು. ಬಳಿಕ ಸುಟ್ಟ ಮನೆಗಳನ್ನು ಎಣಿಸಿಸಿ ಒಂದೊಂದಕ್ಕೂ ಬೆಳ್ಳಿಯ ನಾಣ್ಯ, ಊಟ ಮತ್ತು ತಣ್ಣೀರು ಕಳುಹಿಸಿದರು.

ಎರಡು ಬಗೆಯ ಆರಾಧನೆ

ಕವಿ ಅಮೀರ್ ಹಸನ್ ಸಿಜ್ಜಿ 1308ರಿಂದ 1322ರವರೆಗೆ ನಿಜಾಮುದ್ದೀನರ ಸಭೆಗಳಲ್ಲಿ ಕೇಳಿದ್ದನ್ನು ದಿನಾಂಕ ಸಹಿತ ಬರೆದಿಟ್ಟರು. ಫವಾಯಿದುಲ್ ಫುವಾದ್ ಎಂಬ ಆ ಪರ್ಶಿಯನ್ ಗ್ರಂಥ ಅವರ ವಿಚಾರಗಳನ್ನು ಅರಿಯಲು ಇರುವ ಅತ್ಯಂತ ವಿಶ್ವಾಸಾರ್ಹ ಆಧಾರ. ಅದರಲ್ಲಿ ನಿಜಾಮುದ್ದೀನರು ಆರಾಧನೆಯನ್ನು ಎರಡಾಗಿ ವಿಂಗಡಿಸುತ್ತಾರೆ.

ಮೊದಲನೆಯದು ಲಾಜಿಮಿ. ನಮಾಜ್, ರೋಜಾ, ಹಜ್, ಜಪ ಇವೆಲ್ಲ ಈ ವರ್ಗಕ್ಕೆ ಸೇರುತ್ತವೆ. ಇವುಗಳ ಫಲ ಮಾಡಿದವನಿಗಷ್ಟೇ ಸೀಮಿತ. ಎರಡನೆಯದು ಮುತಅದ್ದಿ. ಅನ್ನ ನೀಡುವುದು, ದುಃಖಿತರಿಗೆ ನೆಮ್ಮದಿ ಕೊಡುವುದು, ಪರರಿಗಾಗಿ ಖರ್ಚು ಮಾಡುವುದು ಈ ಬಗೆಯವು. ಇವುಗಳ ಫಲ ಮತ್ತೊಬ್ಬರಿಗೂ ಹರಿಯುತ್ತದೆ, ಇವುಗಳ ಪುಣ್ಯಕ್ಕೆ ಮಿತಿಯಿಲ್ಲ. ಮೊದಲ ಬಗೆಯ ಆರಾಧನೆ ಸ್ವೀಕೃತವಾಗಬೇಕಾದರೆ ಪರಿಪೂರ್ಣ ಪ್ರಾಮಾಣಿಕತೆ ಬೇಕು, ತೋರಿಕೆಯ ಎಳೆ ಸೇರಿದರೂ ಅದು ವ್ಯರ್ಥ. ಎರಡನೆಯದಾದರೋ ಹೇಗೆ ಮಾಡಿದರೂ ಸಾರ್ಥಕ, ಏಕೆಂದರೆ ಹಸಿದವನ ಹೊಟ್ಟೆ ತುಂಬಿಯೇ ತುಂಬುತ್ತದೆ.

ಜೀವನವಿಡೀ ಉಪವಾಸ ಮಾಡಿದ ಸಂತನೊಬ್ಬ ಉಪವಾಸವನ್ನು ಎರಡನೆಯ ಸ್ಥಾನದಲ್ಲಿರಿಸಿದ್ದು ಸಾಮಾನ್ಯ ಸಂಗತಿಯಲ್ಲ. ಶಿಷ್ಯ ನಸೀರುದ್ದೀನ್ ಮಹಮೂದರ ಪ್ರಸಂಗದಲ್ಲಿ ಇದು ಇನ್ನಷ್ಟು ನಿಚ್ಚಳವಾಗುತ್ತದೆ. ಜನರ ಗಲಾಟೆಯಿಂದ ಧ್ಯಾನಕ್ಕೆ ಭಂಗ ಬರುತ್ತಿದೆ, ಕಾಡಿಗೋ ಬೆಟ್ಟಕ್ಕೋ ಹೋಗಿ ಏಕಾಂತದಲ್ಲಿ ಆರಾಧಿಸಲು ಅನುಮತಿ ಬೇಕೆಂದು ಅವರು ಅಮೀರ್ ಖುಸ್ರೋ ಮೂಲಕ ಗುರುವನ್ನು ಕೇಳಿಸಿದರು. ನಿಜಾಮುದ್ದೀನರು ಒಪ್ಪಲಿಲ್ಲ. ಊರಿನಲ್ಲೇ ಇದ್ದು, ಜನರ ಒರಟುತನವನ್ನು ಸಹಿಸಿ, ಅದಕ್ಕೆ ಪ್ರತಿಯಾಗಿ ಔದಾರ್ಯ ತೋರಬೇಕೆಂದು ಅವರು ಆದೇಶಿಸಿದರು. ನಸೀರುದ್ದೀನರು ಶಿರಸಾವಹಿಸಿದರು. ಮುಂದೆ ದೆಹಲಿಯ ದೀಪ ಎಂಬ ಅರ್ಥದ ಚಿರಾಗ್ ದೆಹಲ್ವಿ ಎಂಬ ಹೆಸರಿನಿಂದ ಖ್ಯಾತರಾದವರು ಅವರೇ.

ದಾರಿಯುದ್ದದ ಜಗಲಿಗಳು

ಗಿಯಾಸ್‌ಪುರದ ಪ್ರಭಾವ ದೆಹಲಿಯ ಬೀದಿಗಳಲ್ಲಿ ಹೇಗೆ ಹರಡಿತೆಂಬುದನ್ನು ಸಮಕಾಲೀನ ಇತಿಹಾಸಕಾರ ಜಿಯಾವುದ್ದೀನ್ ಬರನಿ ಬಣ್ಣಿಸಿದ್ದಾನೆ. ಅಲಾವುದ್ದೀನ್ ಖಿಲ್ಜಿಯ ಆಳ್ವಿಕೆಯ ಕೊನೆಯ ವರ್ಷಗಳವು. ನಗರದಿಂದ ಗಿಯಾಸ್‌ಪುರದವರೆಗಿನ ಹಾದಿಯಲ್ಲಿ ಜನರು ಅಲ್ಲಲ್ಲಿ ಜಗಲಿ ಕಟ್ಟಿಸಿ, ಹುಲ್ಲಿನ ಚಪ್ಪರ ಹಾಕಿಸಿ, ಬಾವಿ ತೋಡಿಸಿದರು. ನೀರು ತುಂಬಿದ ಕೊಡ, ವುಜೂಗೆ ಬೇಕಾದ ಪಾತ್ರೆ, ಚಾಪೆಗಳನ್ನು ಇರಿಸಿದರು. ಪ್ರತಿ ಜಗಲಿಗೂ ಕುರ್‌ಆನ್ ಕಂಠಪಾಠ ಮಾಡಿದ ಒಬ್ಬರನ್ನೂ ಒಬ್ಬ ಸೇವಕನನ್ನೂ ನೇಮಿಸಿದರು. ಗುರುವಿನ ದರ್ಶನಕ್ಕೆ ನಡೆದು ಹೋಗುವವರು ಐಚ್ಛಿಕ ನಮಾಜುಗಳನ್ನು ತಪ್ಪಿಸಿಕೊಳ್ಳಬಾರದೆಂಬುದು ಇದರ ಉದ್ದೇಶ.

ಇಬ್ಬರು ಸೇರಿದರೆ ಮಾತು ಇದೇ. ಚಾಷ್ತ್ ನಮಾಜಿಗೆ ಎಷ್ಟು ರಕಾತ್, ತಹಜ್ಜುದ್‌ನಲ್ಲಿ ಯಾವ ಅಧ್ಯಾಯ ಪಠಿಸಬೇಕು, ಐಚ್ಛಿಕ ಉಪವಾಸ ಯಾವ ದಿನ ಎಂಬುದೇ ವಿಚಾರಣೆ. ಬೆಳಕಿನ ದಿನಗಳ ಉಪವಾಸ ಪಂಡಿತರಷ್ಟೇ ಅಲ್ಲದೆ ಸಾಮಾನ್ಯರಲ್ಲೂ, ಸರ್ಕಾರಿ ನೌಕರರಲ್ಲೂ ರೂಢಿಯಾಯಿತು. ಸೂಫಿ ಗ್ರಂಥಗಳಿಗೆ ಬೇಡಿಕೆ ಏರಿತು. ವುಜೂ ಪಾತ್ರೆಗಳಿಗೂ ಚರ್ಮದ ನೀರಿನ ಚೀಲಗಳಿಗೂ ಬೆಲೆ ಹೆಚ್ಚಿತು. ಬಲವಂತವಿಲ್ಲದೆ, ರಾಜಾಜ್ಞೆಯಿಲ್ಲದೆ ನಡೆದ ಬದಲಾವಣೆಯಿದು.

ಅರಮನೆಯ ಮುನಿಸು

ಜನರು ಹೀಗೆ ತಾವಾಗಿಯೇ ಒಬ್ಬರತ್ತ ಹರಿದುಬಂದರೆ ಅಧಿಕಾರದಲ್ಲಿರುವವರಿಗೆ ಸಂಶಯ ಮೂಡುವುದು ಸಹಜ. ನಿಜಾಮುದ್ದೀನರ ಜೀವಿತಾವಧಿಯಲ್ಲಿ ದೆಹಲಿಯ ಸಿಂಹಾಸನದ ಮೇಲೆ ಹಲವರು ಬಂದುಹೋದರು. ಅವರು ಯಾವ ಸುಲ್ತಾನನ ಆಸ್ಥಾನಕ್ಕೂ ಕಾಲಿಡಲಿಲ್ಲ. ಜಲಾಲುದ್ದೀನ್ ಖಿಲ್ಜಿ ಮುನ್ಸೂಚನೆ ನೀಡದೆ ಬರಲು ಯೋಚಿಸಿದಾಗ, ಅದನ್ನು ಖುಸ್ರೋನಿಂದ ತಿಳಿದ ಅವರು ಅಜೋಧನಕ್ಕೆ ಹೊರಟುಹೋದರು. ಅಲಾವುದ್ದೀನ್ ಭೇಟಿ ಬಯಸಿದಾಗ, ತಮ್ಮ ಮನೆಗೆ ಎರಡು ಬಾಗಿಲುಗಳಿದ್ದು ಸುಲ್ತಾನ ಒಂದರಿಂದ ಬಂದರೆ ತಾವು ಇನ್ನೊಂದರಿಂದ ಹೋಗುವುದಾಗಿ ತಿಳಿಸಿದರು.

ಅಲಾವುದ್ದೀನನ ಮಗ ಕುತ್ಬುದ್ದೀನ್ ಮುಬಾರಕ್ ಪಟ್ಟವೇರಿದ ಮೇಲೆ ಈ ಮುನಿಸು ವೈರವಾಯಿತು. ಅವನು ಕೊಲ್ಲಿಸಿದ ಸೋದರ ಖಿಜ್ರ್ ಖಾನ್ ನಿಜಾಮುದ್ದೀನರ ಶಿಷ್ಯನಾಗಿದ್ದ. ಪ್ರತಿ ತಿಂಗಳ ಆರಂಭದಲ್ಲಿ ನಗರದ ಗಣ್ಯರೂ ಧರ್ಮಗುರುಗಳೂ ಅರಮನೆಗೆ ಬಂದು ಶುಭ ಕೋರುವ ಪದ್ಧತಿಯಿತ್ತು. ನಿಜಾಮುದ್ದೀನರು ತಮ್ಮ ಬದಲು ಸೇವಕ ಇಕ್ಬಾಲನನ್ನು ಕಳುಹಿಸುತ್ತಿದ್ದರು. ಕೆರಳಿದ ಸುಲ್ತಾನ, ಮುಂದಿನ ತಿಂಗಳು ಅವರೇ ಬಾರದಿದ್ದರೆ ಬಲವಂತವಾಗಿ ಕರೆಸುವುದಾಗಿ ಬೆದರಿಸಿದ. ಹೊಸ ಚಂದ್ರ ಕಂಡಾಗಲೆಲ್ಲ ತಾಯಿಯ ಪಾದಕ್ಕೆ ನಮಿಸಿದ್ದ ನಿಜಾಮುದ್ದೀನರು ತಾಯಿಯ ಸಮಾಧಿಗೆ ಹೋಗಿ ಪ್ರಾರ್ಥಿಸಿ ಮರಳಿದರು. ಗಡುವಿನ ದಿನ ಬರುವ ಮೊದಲೇ, 1320ರಲ್ಲಿ, ಮುಬಾರಕ್ ತನ್ನ ನೆಚ್ಚಿನ ಅಧಿಕಾರಿ ಖುಸ್ರೋ ಖಾನನ ಕಡೆಯವರಿಂದಲೇ ಹತನಾದ.

ಸಿಂಹಾಸನ ಕಬಳಿಸಿದ ಖುಸ್ರೋ ಖಾನ್ ಬೆಂಬಲ ಗಳಿಸಲು ಸಂತರಿಗೆಲ್ಲ ಹಣ ಹಂಚಿದ. ನಿಜಾಮುದ್ದೀನರಿಗೆ 5 ಲಕ್ಷ ಟಂಕಗಳು ಬಂದವು. ಅವು ಅಂದೇ ಬಡವರ ಪಾಲಾದವು. ಕೆಲವೇ ತಿಂಗಳಲ್ಲಿ ಅವನನ್ನು ಉರುಳಿಸಿ ಪಟ್ಟಕ್ಕೆ ಬಂದ ಗಿಯಾಸುದ್ದೀನ್ ತುಘಲಕ್ ಆ ಹಣವನ್ನು ಮರಳಿ ಕೇಳಿದ. ಅದು ಜನರ ಬೊಕ್ಕಸದ ಹಣವಾಗಿದ್ದು ಅರ್ಹರಾದ ಜನರಿಗೇ ಸೇರಿದೆ, ತಮಗಾಗಿ ಒಂದು ಕಾಸನ್ನೂ ಇರಿಸಿಕೊಂಡಿಲ್ಲ ಎಂಬುದು ಅವರ ಉತ್ತರವಾಗಿತ್ತು. ಭಕ್ತಿಸಂಗೀತ ಆಲಿಸುವುದು ಧರ್ಮಸಮ್ಮತವೇ ಎಂಬ ನೆಪದಲ್ಲಿ ಅವರನ್ನು ಪಂಡಿತರ ಸಭೆಯ ಮುಂದೆ ವಿಚಾರಣೆಗೂ ಒಳಪಡಿಸಲಾಯಿತು. ಬಂಗಾಳದ ದಂಡಯಾತ್ರೆಯಿಂದ ಮರಳುವ ಮುನ್ನ ದೆಹಲಿ ತೊರೆಯುವಂತೆ ಸುಲ್ತಾನ ಹೇಳಿ ಕಳುಹಿಸಿದನೆಂದೂ, ದೆಹಲಿ ಇನ್ನೂ ದೂರವಿದೆಯೆಂಬ ಅರ್ಥದ ಮಾತನ್ನು ನಿಜಾಮುದ್ದೀನರು ಆಡಿದರೆಂದೂ ಪ್ರಚಲಿತ ಕಥೆಯಿದೆ. ಅದು ನಂತರದ ಕಾಲದ ಬರಹಗಳಿಂದ ಬಂದದ್ದು. ಸುಲ್ತಾನ 1325ರಲ್ಲಿ ನಗರ ಸೇರುವ ಮುನ್ನವೇ ಸ್ವಾಗತ ಮಂಟಪ ಕುಸಿದು ಸತ್ತದ್ದು ಮಾತ್ರ ಇತಿಹಾಸ.

ಕೊನೆಯ ಉಪವಾಸ

ಅದೇ 1325ರಲ್ಲಿ ನಿಜಾಮುದ್ದೀನರ ಆರೋಗ್ಯ ತೀವ್ರವಾಗಿ ಕೆಟ್ಟಿತು. ಅವರಿಗೆ ಆಗ 85 ದಾಟಿತ್ತು. ಅಂತ್ಯಕ್ಕೆ ಸುಮಾರು 40 ದಿನ ಮುನ್ನವೇ ಅವರು ಆಹಾರ ತೊರೆದಿದ್ದರು. ಔಷಧಿಯನ್ನೂ ನಿರಾಕರಿಸಿದರು. ಮನೆಯಲ್ಲಿರುವುದನ್ನೆಲ್ಲ ಹಂಚಿಬಿಡಲು ಅವರು ಆಜ್ಞೆ ಮಾಡಿದ್ದರು. ಆದರೆ ಇಕ್ಬಾಲ್ ಆಶ್ರಮವಾಸಿಗಳ ಮುಂದಿನ ಕೆಲವು ದಿನಗಳ ಊಟಕ್ಕೆಂದು ಒಂದಿಷ್ಟು ಧಾನ್ಯ ಉಳಿಸಿಕೊಂಡ. ಅದು ತಿಳಿದಾಗ ಅವರು ಬೇಸರಗೊಂಡು, ಜನರನ್ನು ಕರೆಸಿ ಕಣಜದ ಬಾಗಿಲು ಒಡೆಸಿ, ಇದ್ದುದನ್ನೆಲ್ಲ ಒಯ್ಯಲು ಹೇಳಿ, ಕೊನೆಗೆ ನೆಲವನ್ನೂ ಗುಡಿಸಲು ಸೂಚಿಸಿದರು. ಇಂದು ನಾವು ದೇವರ ಅತಿಥಿಗಳೆಂದು ತಾಯಿ ಕಲಿಸಿದ್ದ ಪಾಠವನ್ನು ಮಗ ಕೊನೆಯುಸಿರಿನವರೆಗೂ ಬಿಟ್ಟುಕೊಡಲಿಲ್ಲ.

1325ರ ಏಪ್ರಿಲ್ 3ರಂದು, ಹಿಜರಿ 725ರ ರಬೀಉಲ್ ಆಖಿರ್ 18ರಂದು, ಅವರು ನಿಧನರಾದರು. ಬಂಗಾಳದಲ್ಲಿದ್ದ ಅಮೀರ್ ಖುಸ್ರೋ ಮರಳಿ ಬಂದು ಗುರುವಿನ ಸಮಾಧಿಯ ಬಳಿ ಶೋಕದಲ್ಲಿ ದಿನ ಕಳೆದು, ಆರು ತಿಂಗಳಲ್ಲೇ ತೀರಿಕೊಂಡರು. ಇಬ್ಬರ ಸಮಾಧಿಗಳೂ ಒಂದೇ ಆವರಣದಲ್ಲಿವೆ. ಗಿಯಾಸ್‌ಪುರದ ಆ ಪ್ರದೇಶಕ್ಕೆ ಈಗ ನಿಜಾಮುದ್ದೀನ್ ಎಂದೇ ಹೆಸರು.

ಕಲಬುರಗಿಯವರೆಗೆ

ವಿವಾಹವಾಗದ ನಿಜಾಮುದ್ದೀನರಿಗೆ ಶಿಷ್ಯರೇ ಸಂತಾನ. 1327ರ ಸುಮಾರಿಗೆ ಮುಹಮ್ಮದ್ ಬಿನ್ ತುಘಲಕ್ ದೆಹಲಿಯ ಗಣ್ಯರನ್ನು ದೇವಗಿರಿಗೆ, ಅಂದರೆ ದೌಲತಾಬಾದಿಗೆ ಕಳುಹಿಸಿದಾಗ ಅವರಲ್ಲಿ ಅನೇಕರು ದಖ್ಖನಿಗೆ ಬಂದರು. ಶಿಷ್ಯ ಬುರ್ಹಾನುದ್ದೀನ್ ಗರೀಬ್ ಹಾಗೂ ಗುರುವಿನ ಮಾತುಗಳನ್ನು ಬರೆದಿಟ್ಟ ಅಮೀರ್ ಹಸನ್ ಇಬ್ಬರ ಸಮಾಧಿಗಳೂ ದೌಲತಾಬಾದಿನ ಸಮೀಪದ ಖುಲ್ದಾಬಾದಿನಲ್ಲಿವೆ.

ಕಾಡಿಗೆ ಹೋಗಲು ಅನುಮತಿ ಸಿಗದೆ ದೆಹಲಿಯಲ್ಲೇ ಉಳಿದ ನಸೀರುದ್ದೀನ್ ಚಿರಾಗರ ಶಿಷ್ಯರೇ ಖ್ವಾಜಾ ಬಂದೇನವಾಜ್ ಗೇಸುದರಾಜ್. 1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ ದೆಹಲಿ ತೊರೆದ ಅವರು, ಬಹಮನಿ ಸುಲ್ತಾನ ಫಿರೋಜ್ ಷಾನ ಕಾಲದಲ್ಲಿ ಕಲಬುರಗಿಗೆ ಬಂದು ನೆಲೆಸಿ 1422ರಲ್ಲಿ ಅಲ್ಲಿಯೇ ನಿಧನರಾದರು. ನಸೀರುದ್ದೀನರಿಗೆ ಗುರು ಅಂದು ಕಾಡಿಗೆ ಹೋಗಲು ಒಪ್ಪಿಗೆ ಕೊಟ್ಟಿದ್ದರೆ ಈ ಪರಂಪರೆ ಕನ್ನಡ ನಾಡಿನವರೆಗೆ ಹರಿದು ಬರುತ್ತಿತ್ತೋ ಇಲ್ಲವೋ.

ಸೋಮವಾರ, ಗುರುವಾರಗಳಂದು, ಬೆಳದಿಂಗಳ ಮೂರು ದಿನಗಳಂದು, ಆಶೂರಾ ಮತ್ತು ಅರಫಾ ದಿನಗಳಂದು ಇಂದಿಗೂ ಅಸಂಖ್ಯಾತ ಮುಸಲ್ಮಾನರು ಐಚ್ಛಿಕ ಉಪವಾಸ ಆಚರಿಸುತ್ತಾರೆ. ಯಾರೂ ಕೇಳದ, ಯಾರೂ ಲೆಕ್ಕವಿಡದ ಉಪವಾಸ ಅದು. ಅಂಥ ಉಪವಾಸ ಮಾಡಿದವನ ಪಕ್ಕದ ಮನೆಯಲ್ಲಿ, ಅವನ ಬೀದಿಯ ಜಗಲಿಯ ಮೇಲೆ ಹಸಿದವರು ಉಳಿದಿರಬಾರದೆಂಬುದು ನಿಜಾಮುದ್ದೀನ್ ಔಲಿಯಾ ತಮ್ಮ ಬದುಕಿನಿಂದ ತೋರಿಸಿಕೊಟ್ಟ ನಿಯಮ. ಅವರ ದರ್ಗಾದಲ್ಲಿ ಇಂದೂ ಉರಿಯುತ್ತಿರುವ ಲಂಗರಿನ ಒಲೆ ಆ ನಿಯಮದ ಮುಂದುವರಿಕೆ.